ಮೂರು ದಿನದ ಪಾನಕ

ನನ್ನ ಗಂಡ ಜಯಕುಮಾರ್ ಕುಡಿಯುವುದಿಲ್ಲ. ಇದನ್ನು ನಾನು ಹೇಳಬೇಕಾಗಿಯೇ ಇಲ್ಲ, ಅವರೇ ಎಲ್ಲರಿಗೂ ಹೇಳಿ ಮುಗಿಸಿರುತ್ತಾರೆ. ಭದ್ರಾವತಿಯ ಹೊಸಮನೆ ಬಡಾವಣೆಯಲ್ಲಿ, ನಮ್ಮ ಬೀದಿಯ ಆ ತುದಿಯಿಂದ ಈ ತುದಿಯವರೆಗೆ, ಅವರ ಭಾಷಣ ಕೇಳದ ಗಂಡಸಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವನ ಬಾಯಿಂದ ಕೊಂಚ ವಾಸನೆ ಬಂದರೆ ಸಾಕು, ಎಲೆಗೆ ಹೋಳಿಗೆ ಬೀಳುವ ಮೊದಲೇ ಲಿವರಿನ ಕಥೆ ಶುರುವಾಗುತ್ತದೆ. ಕೆಮ್ಮಿನ ಔಷಧಿ ತಂದುಕೊಟ್ಟರೆ ಕನ್ನಡಕ ಹಾಕಿಕೊಂಡು ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದುತ್ತಾರೆ. ಅದರಲ್ಲಿ ಆಲ್ಕೋಹಾಲ್ ಅಂತ ಕಂಡಿತೋ, ಔಷಧಿ ವಾಪಸ್ಸು. ಆಮೇಲೆ ವಾರವಿಡೀ ನನ್ನ ಕಿವಿಯ ಪಕ್ಕದಲ್ಲೇ ಕೆಮ್ಮುತ್ತಾರೆ.

ಇಂಥವರು ಕಳೆದ ವರ್ಷ ರಾಮನವಮಿ ಆದ ಮೂರನೇ ದಿನ, ಮಾಚೇನಹಳ್ಳಿಯ ತಮ್ಮ ಫ್ಯಾಕ್ಟರಿಯ ಗೇಟಿನಲ್ಲಿ, ಕುಡಿದು ಬಂದಿದ್ದಾರೆಂದು ಸಿಕ್ಕಿಬಿದ್ದರು.

ಸುದ್ದಿ ಕೊಟ್ಟವನು ಮುರಳಿ. ಇವರ ಜೊತೆ ಅದೇ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಹುಡುಗ. ನಾನು ಆಗ ಶಿವಮೊಗ್ಗದ ವಿದ್ಯಾನಗರದಲ್ಲಿ, ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ, ಎಂಟನೇ ಕ್ಲಾಸಿನ ಅಂಕಪಟ್ಟಿ ಬರೆಯುತ್ತಾ ಕೂತಿದ್ದೆ. ಹನ್ನೊಂದು ವರ್ಷದಿಂದ ಅಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಮಧ್ಯಾಹ್ನ ಎರಡು ಗಂಟೆ ಇರಬಹುದು.

“ಅತ್ತಿಗೆ, ಜಯಣ್ಣನ್ನ ಗೇಟಲ್ಲಿ ಕೂರಿಸಿದಾರೆ. ಊದೋ ಮೆಷಿನ್ ಬೀಪ್ ಅಂತು.”

ನಾನು ನಕ್ಕೆ. “ಲೋ ಮುರಳಿ, ಏಪ್ರಿಲ್ ಒಂದು ಹೋಗಿ ಎಂಟು ದಿನ ಆಯ್ತಲ್ಲೋ.”

“ತಮಾಷೆ ಅಲ್ಲ ಅತ್ತಿಗೆ. ಸೊನ್ನೆ ಇರ್ಬೇಕಾದ್ದು ನಲವತ್ತೆರಡು ತೋರಿಸ್ತು. ರಿಜಿಸ್ಟರಲ್ಲಿ ಹೆಸರು ಬರ್ದಾಯ್ತು. ಸಂಜೆ ಮ್ಯಾನೇಜರ್ ಹತ್ರ ಹೋಗುತ್ತೆ. ನಂಗೆ ಶಿಫ್ಟ್ ಟೈಮ್ ಆಯ್ತು, ನೀವ್ ಬೇಗ ಬನ್ನಿ.”

ನಗು ಅಲ್ಲಿಗೆ ನಿಂತಿತು. ಇವರದು ಎರಕದ ಫ್ಯಾಕ್ಟರಿ. ಹತ್ತೊಂಬತ್ತು ವರ್ಷದಿಂದ ಇವರು ಅಲ್ಲಿ ಕ್ರೇನ್ ಆಪರೇಟರ್. ಕರಗಿದ ಕಬ್ಬಿಣ ತುಂಬಿದ ದೊಡ್ಡ ಬಾನಿಯನ್ನು ಎತ್ತಿ, ಕೆಳಗೆ ಓಡಾಡುವವರ ತಲೆಯ ಮೇಲಿಂದ ಹಾಯಿಸಿ, ಅಚ್ಚಿನ ಹತ್ತಿರ ಇಳಿಸುವ ಕೆಲಸ. ಕೈ ಒಂದಿಷ್ಟು ನಡುಗಿದರೂ ಕೆಳಗಿದ್ದವರ ಗತಿ ದೇವರೇ ಬಲ್ಲ. ಅದಕ್ಕೇ ಗೇಟಿನಲ್ಲಿ ಪ್ರತಿಯೊಬ್ಬರೂ ಮೆಷಿನ್ನಿಗೆ ಊದಿಯೇ ಒಳಗೆ ಹೋಗಬೇಕು. ಕ್ರೇನಿನವರು ಒಂದು ಸಲ ಸಿಕ್ಕಿಬಿದ್ದರೆ ಮತ್ತೆ ಕ್ರೇನ್ ಹತ್ತುವ ಹಾಗಿಲ್ಲ, ಅಂಗಳದಲ್ಲಿ ಮರಳು ಹೊರುವ ಕೆಲಸವೇ ಗತಿ. ಈ ಕಾನೂನು ಬರಲಿ ಎಂದು ಮೀಟಿಂಗಿನಲ್ಲಿ ಎದ್ದು ನಿಂತು ಎಲ್ಲರಿಗಿಂತ ಜೋರಾಗಿ ಕೂಗಿದವರು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ಇವರಿಗೆ ಫೋನು ಮಾಡಿದೆ. ಎತ್ತಿದರು. ನಾನು ತಕ್ಷಣ ಮಾತಾಡಲಿಲ್ಲ. ಐದಾರು ಉಸಿರಿನಷ್ಟು ಹೊತ್ತು ಸುಮ್ಮನಿದ್ದೆ. ಆ ಹೊತ್ತಿನಲ್ಲಿ ನನ್ನ ಕಣ್ಣಮುಂದೆ ಬಂದವರು ಇವರ ಅಪ್ಪ, ನಮ್ಮ ಮಾವ ಹೂವಪ್ಪ. ನಾನು ಅವರನ್ನು ಫೋಟೋದಲ್ಲಿ ಮಾತ್ರ ನೋಡಿದ್ದೇನೆ. ಇಪ್ಪತ್ತೆಂಟು ವರ್ಷ ಕುಡಿದು, ಕೊನೆಗೆ ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ ಹೋದವರು. ಎಂಟು ವರ್ಷದ ಇವರು ಸಂಜೆಯಾದರೆ ಸಾರಾಯಿ ಅಂಗಡಿಯ ಮುಂದೆ ನಿಂತು “ಅಪ್ಪಾ, ಮನೆಗ್ ಬಾ” ಎಂದು ಕರೆಯುತ್ತಿದ್ದರಂತೆ. ಇವರ ಭಾಷಣಗಳೆಲ್ಲ ಹುಟ್ಟಿದ್ದು ಆ ಅಂಗಡಿಯ ಮುಂದೆಯೇ.

“ರೀ,” ಅಂದೆ. “ನಿಜ ಹೇಳಿ. ಏನಾದ್ರೂ ಕುಡಿದ್ರಾ?”

“ನೀನೂ ಕೇಳ್ತೀಯಲ್ಲ ಮಾರಾಯ್ತಿ,” ಎಂದವರೇ ಫೋನಿಟ್ಟರು.

ಕೇಳಿದ ಮೇಲೆ ನನಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆದರೆ ಮಾತು ಆಡಿದರೆ ಹೋಯಿತು. ಹೆಡ್‌ಮಾಸ್ಟರಿಗೆ ಹೊಟ್ಟೆನೋವು ಎಂದು ಸುಳ್ಳು ಹೇಳಿ ಭದ್ರಾವತಿ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕೂತು ಅತ್ತೆಗೆ ಫೋನು ಮಾಡಿದೆ. ನಮ್ಮ ಅತ್ತೆ ಸಣ್ಣಮ್ಮ, ಎಪ್ಪತ್ತೆರಡು ವರ್ಷ. ಕಿವಿ ಸ್ವಲ್ಪ ಮಂದ, ಮಿಕ್ಕಿದ್ದೆಲ್ಲ ಚುರುಕು. ವಿಷಯ ಹೇಳಿದೆ. ಅವರು ಗಾಬರಿಯಾಗಲಿಲ್ಲ, ಕಣ್ಣೀರು ಹಾಕಲಿಲ್ಲ.

“ಮೆಷಿನ್ ಕೆಟ್ಟಿರುತ್ತೆ ಬಿಡು,” ಅಂದರು. “ನನ್ನ ಮಗ ಕುಡಿಯೋನಲ್ಲ.”

“ಮಧ್ಯಾಹ್ನ ಏನ್ ತಿಂದ್ರು ಅತ್ತೆ?”

“ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ಆಮೇಲೆ ನವಮಿ ಪಾನಕ. ಇನ್ನೂ ಕ್ಯಾನಲ್ಲಿ ಇತ್ತಲ್ಲ, ಮುಚ್ಚಳ ತೆಗ್ದ, ಡಬ್ ಅಂತು. ಸೋಡಾ ಥರ ಆಗಿದೆ ಕಣಮ್ಮ, ಚೆನ್ನಾಗಿದೆ ಅಂದ. ಒಂದು ಲೋಟ ಕುಡ್ದು, ನೀರಿನ ಬಾಟ್ಲಿಗೂ ತುಂಬ್ಸ್ಕೊಂಡು ಹೋದ. ಪ್ರಸಾದ ಅಲ್ವಾ, ಚೆಲ್ಲೋಕಾಗುತ್ತಾ?”

ನಾನು ಬಸ್ಸಿನ ಕಂಬಿ ಹಿಡಿದುಕೊಂಡೆ. ಅತ್ತೆ ಇನ್ನೂ ಏನೋ ಹೇಳುತ್ತಿದ್ದರು. ನನ್ನ ಕಿವಿಯಲ್ಲಿ ಮಾತ್ರ ಆ ‘ಡಬ್’ ಕೂತುಬಿಟ್ಟಿತ್ತು.

ನವಮಿಯ ದಿನ ಇವರ ಸ್ನೇಹಿತರ ಬಳಗ ಶಿವಮೊಗ್ಗದ ಕೋಟೆಯಲ್ಲಿ ದಾರಿಹೋಕರಿಗೆ ಪಾನಕ, ಕೋಸಂಬರಿ ಹಂಚುತ್ತದೆ. ಬೆಲ್ಲ, ನಿಂಬೆಹಣ್ಣು, ಏಲಕ್ಕಿ, ಮೆಣಸಿನ ಪುಡಿ. ಪಾನಕ ಏನೋ ಅಮೃತವಾಗಿತ್ತು. ಹಂಚಿ ಉಳಿದದ್ದನ್ನು ಇವರು ಐದು ಲೀಟರಿನ ಕ್ಯಾನಿನಲ್ಲಿ ಮನೆಗೆ ತಂದರು. ಫ್ರಿಜ್ಜಿನಲ್ಲಿ ಇಡೋಣವೆಂದರೆ ಅಲ್ಲಿ ಮೊಟ್ಟೆಯ ಟ್ರೇ, ಹಿಂದಿನ ವಾರ ಇಟ್ಟಿದ್ದ ಮೀನಿನ ವಾಸನೆ. ಅಂಥ ಕಡೆ ಪ್ರಸಾದ ಇಡುವುದುಂಟೇ ಎಂದು ಅತ್ತೆ ಬಿಡಲಿಲ್ಲ. ಅಡುಗೆಮನೆಯ ಅಟ್ಟದ ಮೇಲಿಟ್ಟು, ಕ್ಯಾನಿನ ಬಾಯಿಗೆ ತೆಳುವಾದ ಬಟ್ಟೆ ಕಟ್ಟಿದರು. ಆಗ ನಾನು ಬಾಯಿ ಹಾಕಿದೆ. ಬಟ್ಟೆ ಕಟ್ಟಿದರೆ ಇರುವೆ ಬರುತ್ತದೆ, ಧೂಳು ಬೀಳುತ್ತದೆ, ಇದೆಲ್ಲ ವೈಜ್ಞಾನಿಕವಲ್ಲ ಎಂದು ಒಂದು ಸಣ್ಣ ಪಾಠ ಮಾಡಿ, ಬಟ್ಟೆ ಬಿಚ್ಚಿ, ಮುಚ್ಚಳವನ್ನು ಸೆರಗಿನಲ್ಲಿ ಹಿಡಿದು ಕೈಲಾದಷ್ಟು ಬಿಗಿದೆ. ಮರುದಿನದಿಂದ ಆ ಕ್ಯಾನನ್ನು ಎಲ್ಲರೂ ಮರೆತರು. ಕುಡಿಯಲು ಯಾರಿಗೂ ಮನಸ್ಸಿಲ್ಲ, ಚೆಲ್ಲಲು ಯಾರಿಗೂ ಧೈರ್ಯವಿಲ್ಲ.

ನಾವು ಮರೆತರೂ ಒಳಗಿದ್ದವರು ಮರೆಯಲಿಲ್ಲ. ಬೆಲ್ಲದಲ್ಲಿ, ಗಾಳಿಯಲ್ಲಿ, ನಿಂಬೆಯ ಸಿಪ್ಪೆಯ ಮೇಲೆ ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವಿ ಇದ್ದೇ ಇರುತ್ತದೆ. ಒಂದೇ ಜೀವಕೋಶದ ಸಂಸಾರ, ಆದರೂ ಹೊಟ್ಟೆಪಾಡು ಬಿಡುತ್ತದೆಯೇ? ಸಕ್ಕರೆಯೇ ಅದರ ಊಟ. ಗ್ಲುಕೋಸನ್ನು ಅದು ಮೊದಲು ಎರಡು ತುಂಡು ಮಾಡುತ್ತದೆ. ಇಷ್ಟಕ್ಕೆ ಆಮ್ಲಜನಕ ಬೇಕಿಲ್ಲ. ನಮ್ಮ ನಿಮ್ಮ ಜೀವಕೋಶಗಳೂ ಶುರು ಮಾಡುವುದು ಹೀಗೆಯೇ. ಆಮ್ಲಜನಕ ಧಾರಾಳವಾಗಿ ಸಿಕ್ಕರೆ ಆ ತುಂಡುಗಳನ್ನು ಪೂರ್ತಿ ಉರಿಸಬಹುದು. ಕೊನೆಗೆ ಉಳಿಯುವುದು ನೀರು, ಕಾರ್ಬನ್ ಡೈಆಕ್ಸೈಡ್, ಮತ್ತು ಕೈತುಂಬ ಶಕ್ತಿ. ಸಿಗದಿದ್ದರೆ ಯೀಸ್ಟ್ ಕೆಲಸವನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದುಕೊಳ್ಳುತ್ತದೆ. ಸಿಗುವ ಶಕ್ತಿ ಚೂರುಪಾರು. ಹೊರಗೆ ಹಾಕುವುದು ಗ್ಯಾಸು ಮತ್ತು ಆಲ್ಕೋಹಾಲು. ಏಪ್ರಿಲ್ ಬಿಸಿಲು, ಅಟ್ಟದ ಸೆಕೆ, ಬೆಲ್ಲದ ನೀರು, ಮೇಲೆ ಬಿಗಿದ ಮುಚ್ಚಳ. ಮೂರು ದಿನದಲ್ಲಿ ನಮ್ಮ ಅಟ್ಟವೇ ಒಂದು ಭಟ್ಟಿಯಾಗಿತ್ತು.

ಈ ಪಾಠವನ್ನು ನಾನು ಹನ್ನೊಂದು ವರ್ಷ ಮಾಡಿದ್ದೇನೆ. ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ, ಮಕ್ಕಳ ಕೈಲಿ ಗಟ್ಟಿಯಾಗಿ ಹೇಳಿಸಿ, ಹೇಳದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಆ ದಿನ ಬೆಂಚಿನ ಮೇಲೆ ನಿಲ್ಲಬೇಕಾದವಳು ನಾನೇ.

“ಅತ್ತೆ, ಉಳಿದ ಪಾನಕ ಇದೆಯಾ?”

“ಅರ್ಧ ಕ್ಯಾನ್ ಇದೆ.”

“ಹಾಗೇ ತಗೊಂಡು ಫ್ಯಾಕ್ಟರಿ ಗೇಟಿಗೆ ಬನ್ನಿ. ಎದುರುಮನೆ ಮಲ್ಲಿಕ್ ಆಟೋದಲ್ಲಿ ಬನ್ನಿ.”

“ಈಗ ಪಾನಕ ಯಾರಿಗೆ?”

“ಮೆಷಿನ್ನಿಗೆ,” ಅಂದೆ.

ಗೇಟಿನಲ್ಲಿ ಇವರು ಒಂದು ಸ್ಟೂಲಿನ ಮೇಲೆ ಕೂತಿದ್ದರು. ಯೂನಿಫಾರ್ಮ್ ಇಸ್ತ್ರಿ ಮಾಡಿದ್ದು ಮಾಡಿದ ಹಾಗೇ ಇತ್ತು. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು. ನನ್ನನ್ನು ನೋಡಿದರು, ಮುಖ ತಿರುಗಿಸಿದರು. ಬಸ್ಸಿಳಿದು ಓಡಿ ಬಂದಿದ್ದ ನಾನು ಏದುಸಿರು ಬಿಡುತ್ತಲೇ ಸೆಕ್ಯುರಿಟಿ ಕೋಣೆಗೆ ಹೋದೆ.

ಸೆಕ್ಯುರಿಟಿ ಆಫೀಸರ್ ತ್ರಿವಿಕ್ರಮ ಮಿಲಿಟರಿಯಿಂದ ನಿವೃತ್ತರಾಗಿ ಬಂದವರು. ಮೀಸೆಯೂ ಅಲ್ಲಿಂದಲೇ ತಂದದ್ದು. ನಾನು ಪಾನಕದ ವಿಷಯ ಹೇಳಿದಾಗ ಅವರು ಸಿಟ್ಟಾಗಲಿಲ್ಲ. ಅದೇ ಕಷ್ಟವಾಯಿತು.

“ಮೇಡಂ, ಹೋದ್ ತಿಂಗಳು ಒಬ್ಬ ತೀರ್ಥ ಅಂದ. ಅದಕ್ಕೂ ಮುಂಚೆ ಒಬ್ಬ ಹೋಮಿಯೋಪತಿ ಅಂದ. ಪಾನಕ ಅಂದೋರು ನೀವೇ ಮೊದಲು. ಹೊಸದಾಗಿದೆ, ಒಪ್ಕೊಳ್ತೀನಿ.”

“ಬಾಟಲೀಲಿದ್ದ ಪಾನಕಾನ ಇಲ್ಲೇ ಕುಡಿದ್ರಾ ಇವರು?”

“ಹೂಂ. ಹೊರಗಿನ ಬಾಟಲಿ ಒಳಗೆ ಬಿಡಲ್ಲ, ಚೆಲ್ಲಿ ಅಂದೆ. ಪ್ರಸಾದ ಸಾರ್, ಚೆಲ್ಲಲ್ಲ ಅಂದ್ರು. ನನ್ನೆದುರಿಗೇ ಗಟಗಟ ಕುಡಿದು, ಬಾಯಿ ಒರೆಸ್ಕೊಂಡು, ಬಂದು ಊದಿದ್ರು. ಇಷ್ಟು ಧೈರ್ಯವಾಗಿ ಕುಡಿದು ಊದಿದೋರನ್ನ ನಾನು ನೋಡೇ ಇಲ್ಲ.”

“ಈಗ ಇನ್ನೊಂದು ಸಲ ಊದಿಸಿ.”

“ಊದಿಸಿದೆ. ಸೊನ್ನೆ ಬಂತು. ಆದ್ರೆ ಒಂದು ಗಂಟೆ ಆದ್ಮೇಲೆ ಯಾರದ್ದಾದ್ರೂ ಇಳಿಯುತ್ತೆ ಅಂತ ಮ್ಯಾನೇಜರ್ ಹೇಳ್ತಾರೆ. ನನ್ನ ರಿಜಿಸ್ಟರಲ್ಲಿರೋದು ಮೊದಲನೇ ನಂಬರ್.”

ಅಷ್ಟರಲ್ಲಿ ಮಲ್ಲಿಕನ ಆಟೋ ಬಂತು. ಹಿಂದಿನ ಸೀಟಿನಲ್ಲಿ ಅತ್ತೆ, ಮಡಿಲಲ್ಲಿ ಕ್ಯಾನು. ದಾರಿಯುದ್ದಕ್ಕೂ ಅದು ಬುಸ್ ಬುಸ್ ಎನ್ನುತ್ತಿತ್ತಂತೆ. ಹೆದರಿದ ಮಲ್ಲಿಕ್ ಮೂರು ಸಲ ಆಟೋ ನಿಲ್ಲಿಸಿದನಂತೆ. ಅತ್ತೆ ಇಳಿದವರೇ ಮಗನ ಹತ್ತಿರ ಹೋಗಿ, ಬಾಯಿ ಹತ್ತಿರ ಮೂಗಿಟ್ಟು ಮೂಸಿ, ಆಫೀಸರ ಕಡೆ ತಿರುಗಿದರು.

“ನನ್ನ ಗಂಡ ಇಪ್ಪತ್ತೆಂಟು ವರ್ಷ ಕುಡ್ದ ಸಾರ್. ಆ ವಾಸನೆ ನಿಮ್ಮ ಮೆಷಿನ್ನಿಗಿಂತ ನಂಗೆ ಚೆನ್ನಾಗ್ ಗೊತ್ತು. ಇವನು ಕುಡ್ದಿಲ್ಲ.”

ತ್ರಿವಿಕ್ರಮ ಎದ್ದು ನಿಂತು ಅತ್ತೆಗೆ ಕುರ್ಚಿ ಕೊಟ್ಟರು. ಆದರೆ ರಿಜಿಸ್ಟರನ್ನು ಮುಟ್ಟಲಿಲ್ಲ. ಅತ್ತೆಯ ಮೂಗಿಗೆ ಕಾನೂನಿನಲ್ಲಿ ಜಾಗವಿರಲಿಲ್ಲ.

“ಸಾರ್,” ಅಂದೆ. “ನಾನು ಈಗ ಊದ್ತೀನಿ. ಆಮೇಲೆ ಇದನ್ನ ಕುಡಿದು ಊದ್ತೀನಿ. ನೀವೇ ನೋಡಿ.”

ಇವರು ಸ್ಟೂಲಿನಿಂದ ಎದ್ದರು. ಆ ದಿನ ಅವರಾಗಿ ಆಡಿದ ಮೊದಲ ಮಾತು ಅದು. “ಪುಷ್ಪಾ, ಬೇಡ. ಇಲ್ಲಿರೋರ ಮಕ್ಕಳು ನಿನ್ನ ಸ್ಕೂಲಲ್ಲಿ ಓದ್ತಾರೆ.”

ಅಂಥ ಅಪ್ಪಂದಿರು ನಿಜವಾಗಿಯೂ ಇದ್ದರು. ಶಿಫ್ಟು ಮುಗಿಸಿ ಹೊರಬಂದವರು, ಬಸ್ಸಿಗೆ ಕಾಯುವುದನ್ನು ಬಿಟ್ಟು ಗೇಟಿನ ಸುತ್ತ ನಿಂತಿದ್ದರು. ಒಂಬತ್ತನೇ ಕ್ಲಾಸಿನ ಶ್ರೇಯಸ್‌ನ ಅಪ್ಪನಂತೂ ಮುಂದಿನ ಸಾಲಿನಲ್ಲೇ ಇದ್ದರು. ನನಗೆ ನಾಚಿಕೆಯಾಯಿತು, ಆಗಲಿಲ್ಲ ಅಂತ ಹೇಳುವುದಿಲ್ಲ. ಆದರೆ ಫೋನಿನಲ್ಲಿ ಆ ಪ್ರಶ್ನೆ ಕೇಳಿದ ಮೇಲೆ ನನಗೆ ಬೇರೆ ದಾರಿ ಉಳಿದಿರಲಿಲ್ಲ.

ಊದಿದೆ. ಸೊನ್ನೆ. ಅತ್ತೆ ಲೋಟಕ್ಕೆ ಬಗ್ಗಿಸಿಕೊಟ್ಟರು. ಪಾನಕ ನೊರೆ ಬಿಟ್ಟು, ಹುಳಿ ಹುಳಿಯಾಗಿ, ನಾಲಿಗೆಗೆ ಚುರುಕ್ ಎನ್ನುತ್ತಿತ್ತು. ನಿಜ ಹೇಳಬೇಕೆಂದರೆ ರುಚಿಯಾಗಿಯೇ ಇತ್ತು. ನಾಲ್ಕು ಗುಟುಕು ಕುಡಿದು ಮೆಷಿನ್ನಿನ ಕೊಳವೆಗೆ ಬಾಯಿಟ್ಟೆ.

ಬೀಪ್ ಎಂದಿತು. ತ್ರಿವಿಕ್ರಮ ಬಗ್ಗಿ ನೋಡಿದರು. “ಐವತ್ತೊಂದು.”

ಹಿಂದಿನಿಂದ ಯಾರೋ “ಮೇಡಂ ಟೈಟು!” ಅಂದರು. ಎಲ್ಲರೂ ಹೋ ಎಂದು ನಕ್ಕರು. ಗಂಡನಿಗಿಂತ ಒಂಬತ್ತು ಜಾಸ್ತಿ. ನಮ್ಮ ಮನೆಯಲ್ಲಿ ಯಾವುದರಲ್ಲೂ ನಾನು ಇವರಿಗಿಂತ ಮುಂದೆ ಹೋದದ್ದು ಅದೇ ಮೊದಲು.

“ಈಗ ಬಾಯಿ ಮುಕ್ಕಳಿಸ್ತೀನಿ. ಹದಿನೈದು ನಿಮಿಷ ಕಾಯಿರಿ,” ಅಂದೆ. “ಬಾಯಲ್ಲಿ ಉಳಿದ ಹನಿಗಳನ್ನ ನಿಮ್ಮ ಮೆಷಿನ್ ಎದೆಯ ಉಸಿರು ಅಂದ್ಕೊಂಡಿದೆ. ನಿಜವಾಗ್ಲೂ ಕುಡಿದೋರದ್ದು ಹದಿನೈದು ನಿಮಿಷಕ್ಕೆ ಇಳಿಯಲ್ಲ.”

ಕಾದೆವು. ಸ್ಟೂಲಿನ ಮೇಲೆ ಈ ಸಲ ನಾನು ಕೂತೆ. ಬಸ್ಸು ಎರಡು ಬಂದು ಹೋದವು, ಒಬ್ಬರೂ ಹತ್ತಲಿಲ್ಲ. ಹದಿನೈದು ನಿಮಿಷಕ್ಕೆ ತ್ರಿವಿಕ್ರಮ ವಾಚು ನೋಡಿ ಮೆಷಿನ್ ಮುಂದೆ ಹಿಡಿದರು. ಸೊನ್ನೆ.

ಅವರು ಮೀಸೆ ತಿರುವುತ್ತಾ ಸ್ವಲ್ಪ ಹೊತ್ತು ಕ್ಯಾನನ್ನೇ ನೋಡಿದರು. “ಪಾನಕ ಹಿಂಗಾಗುತ್ತಾ ಮೇಡಂ? ನಮ್ಮನೇಲೂ ಮಾಡ್ತೀವಿ. ಯಾವತ್ತೂ ಆಗಿಲ್ವಲ್ಲ.”

“ಅವತ್ತೇ ಕುಡಿದ್ರೆ ಆಗಲ್ಲ. ಸೆಕೇಲಿ ದಿನಗಟ್ಟಲೆ ಇಟ್ಟು, ಗಾಳಿ ಆಡದ ಹಾಗೆ ಮುಚ್ಚಿದ್ರೆ ಆಗುತ್ತೆ.”

“ಗಾಳಿ ಆಡದ ಹಾಗೆ ಮುಚ್ಚಿದ್ದು ಯಾರು?”

ನಾನು ಅತ್ತೆಯನ್ನು ನೋಡಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, ತಮಗೇನೂ ಕೇಳಿಸಲೇ ಇಲ್ಲ ಎಂಬಂತೆ ಕೂತಿದ್ದರು. ಅವರ ಕಿವಿ ತಮಗೆ ಬೇಕಾದಾಗ ಮಂದವಾಗುತ್ತದೆ.

“ನಾನೇ ಸಾರ್. ಅತ್ತೆ ಬಟ್ಟೆ ಕಟ್ಟಿದ್ರು. ನಾನು ಬಿಚ್ಚಿ ಮುಚ್ಚಳ ಬಿಗಿದೆ.”

“ನೀವು ಏನು ಕಲಿಸೋದು?”

“ವಿಜ್ಞಾನ.”

ಇನ್ನೊಂದು ಸಲ ಎಲ್ಲರೂ ನಕ್ಕರು. ಶ್ರೇಯಸ್‌ನ ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. ಅವರ ಮಗನಿಗೆ ನಾನು ಆ ಪಾಠದಲ್ಲೇ ಹತ್ತಕ್ಕೆ ಎರಡು ಕೊಟ್ಟಿದ್ದೆ.

ತ್ರಿವಿಕ್ರಮ ಮ್ಯಾನೇಜರಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದರು. ಆ ಕಡೆಯಿಂದಲೂ ನಗು ಕೇಳಿಸಿತು. ರಿಜಿಸ್ಟರಿನಲ್ಲಿ ಇವರ ಹೆಸರಿನ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ, “ಜಯಕುಮಾರ್, ನಾಳೆಯಿಂದ ಕ್ರೇನ್ ಹತ್ತಿ. ಇವತ್ತು ಬೇಡ, ಒಂದು ಬಾಟಲಿ ಪ್ರಸಾದ ಹೊಟ್ಟೇಲಿದೆ” ಅಂದರು. ಇವರು ತಲೆಯಾಡಿಸಿದರು, ನಗಲಿಲ್ಲ. ಉಳಿದ ಪಾನಕವನ್ನು ಏನು ಮಾಡುವುದೆಂದು ಕೇಳಿದಾಗ ಅತ್ತೆ, “ಯಾರೂ ತುಳಿಯದ ಕಡೆ ಗಿಡದ ಬುಡಕ್ಕೆ ಹಾಕಿದ್ರೆ ದೋಷ ಇಲ್ಲ” ಎಂದು ಗೇಟಿನ ಪಕ್ಕದ ಬೇವಿನ ಮರಕ್ಕೆ ಬಗ್ಗಿಸಿಬಿಟ್ಟರು.

“ಇದನ್ನ ನವಮಿ ಮರುದಿನಾನೇ ಹೇಳಬಾರದಿತ್ತಾ ಅತ್ತೆ?” ಅಂದೆ.

“ನೀನ್ ಕೇಳ್ದ್ಯಾ?” ಅಂದರು.

ಅತ್ತೆಯನ್ನು ಆಟೋದಲ್ಲಿ ಕಳಿಸಿ, “ನಾವು ಬಸ್ಸಿಗೆ ಬರ್ತೀವಿ” ಅಂದರು ಇವರು. ಸುತ್ತ ನಿಂತಿದ್ದವರೆಲ್ಲ ಆ ಹೊತ್ತಿಗೆ ಚದುರಿದ್ದರು. ಬಸ್‌ಸ್ಟಾಪಿನಲ್ಲಿ ನಾವಿಬ್ಬರೇ. ನಾನೇ ಮೊದಲು ಮಾತಾಡಿದೆ.

“ತಪ್ಪಾಯ್ತು ರೀ. ನಾನು ಹಾಗೆ ಕೇಳಬಾರದಿತ್ತು.”

“ಕೇಳಿದ್ದಕ್ಕೆ ಬೇಜಾರಿಲ್ಲ,” ಅಂದರು. ರಸ್ತೆ ನೋಡುತ್ತಲೇ ಹೇಳಿದರು. “ಕೇಳೋ ಮುಂಚೆ ಸುಮ್ನಾದೆಯಲ್ಲ. ಆಗ ಅಪ್ಪನ್ನ ನೆನಪು ಮಾಡ್ಕೊಂಡೆ ಅಲ್ವಾ?”

ಸುಳ್ಳು ಹೇಳಬಹುದಿತ್ತು. ಹೆಡ್‌ಮಾಸ್ಟರಿಗೆ ಎಷ್ಟು ಸಲೀಸಾಗಿ ಹೇಳಿ ಬಂದಿದ್ದೆ! ಇವರಿಗೆ ಹೇಳಲು ಬಾಯಿ ಬರಲಿಲ್ಲ. ಹೌದು ಎಂದೆ.

ಇವರು ಸಿಟ್ಟಾಗುತ್ತಾರೆಂದು ಕಾದೆ. ಆಗಲಿಲ್ಲ. “ನಾನೂ ನೆನಪು ಮಾಡ್ಕೊಂಡೆ,” ಅಂದರು. “ಬೀಪ್ ಅಂದಾಗ. ಕುಡಿದಿಲ್ಲ ಅಂತ ನಂಗೊತ್ತು. ಆದ್ರೂ ಅನ್ನಿಸ್ತು, ಅಪ್ಪಂದು ನನ್ನ ರಕ್ತದಲ್ಲಿ ಎಲ್ಲೋ ಉಳ್ಕೊಂಡಿತ್ತೇನೋ, ಇವತ್ತು ಹೊರಗ್ ಬಂತೇನೋ ಅಂತ. ಒಂದು ಗಂಟೆ ಆ ಸ್ಟೂಲ್ ಮೇಲೆ ಕೂತು ಅದನ್ನೇ ಯೋಚ್ನೆ ಮಾಡ್ದೆ ಪುಷ್ಪಾ. ಎಷ್ಟು ಓಡಿದ್ರೂ ಸಿಕ್ಕಿಬಿದ್ನಲ್ಲ ಅಂತ.”

ನಲವತ್ತಾರು ವರ್ಷದ ಗಂಡಸು. ಊರಿಗೆಲ್ಲ ಭಾಷಣ ಮಾಡುವವರು. ಇಷ್ಟು ವರ್ಷ ಒಳಗೆ ಇಂಥ ಭಯ ಇಟ್ಟುಕೊಂಡಿದ್ದರೆಂದು, ಹದಿನೇಳು ವರ್ಷ ಜೊತೆಗಿದ್ದ ನನಗೆ ಗೊತ್ತೇ ಇರಲಿಲ್ಲ. ನನ್ನ ಕಣ್ಣು ತುಂಬಿತು.

“ರೀ, ಇಲ್ಲಿ ಕೇಳಿ,” ಅಂದೆ. “ನಮ್ಮ ಮೈಗೆ ಆಲ್ಕೋಹಾಲ್ ಮಾಡೋಕೇ ಬರಲ್ಲ. ಬಸ್ಸಿಳಿದು ಗೇಟಿನವರೆಗೆ ನಾನು ಓಡಿ ಬಂದೆ. ಮೀನಖಂಡ ಇನ್ನೂ ಹಿಡ್ಕೊಂಡಿದೆ. ಅಷ್ಟು ಜೋರಾಗಿ ಓಡಿದ್ರೆ ಕಾಲಿಗೆ ಆಮ್ಲಜನಕ ಸಾಲಲ್ಲ. ಆಗ ನಮ್ಮ ಜೀವಕೋಶಾನೂ ಸಕ್ಕರೇನ ಅರ್ಧಕ್ಕೇ ಬಿಡುತ್ತೆ. ಆದ್ರೆ ಅದರಿಂದ ಆಗೋದು ಲ್ಯಾಕ್ಟಿಕ್ ಆಮ್ಲ, ಮೊಸರಲ್ಲಿರುತ್ತಲ್ಲ, ಅದು. ಆಲ್ಕೋಹಾಲ್ ಆಗಲ್ಲ. ಆಗೋ ಹಾಗಿದ್ದಿದ್ರೆ ಬಸ್ಸಿಗೆ ಓಡಿ ಬಂದೋರೆಲ್ಲ ತೂರಾಡ್ಕೊಂಡು ಹತ್ತಬೇಕಿತ್ತು.”

ಇವರ ತುಟಿಯ ತುದಿಯಲ್ಲಿ ಕೊಂಚ ನಗು ಬಂತು, ನಿಲ್ಲಲಿಲ್ಲ. “ಅಪ್ಪಂಗೆ?”

“ನಿಮ್ಮಪ್ಪನ ಮೈಗೂ ಬರ್ತಿರಲಿಲ್ಲ. ಅವರು ಕುಡಿದದ್ದೆಲ್ಲ ಅಂಗಡಿಯಿಂದ ಬಂದದ್ದು. ಒಂದು ಹನೀನೂ ಅವರ ರಕ್ತದಲ್ಲಿ ಹುಟ್ಟಿದ್ದಲ್ಲ. ನಿಮಗೆ ಕೊಡೋಕೆ ಅವರ ಹತ್ತಿರ ಅದು ಇರಲೇ ಇಲ್ಲ.”

ಭದ್ರಾವತಿಯ ಬಸ್ಸು ಬಂದು ನಮ್ಮ ಮುಂದೆ ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಹತ್ತಿ ಹತ್ತಿ ಎಂದ. ಇವರು ಬೇಡವೆಂದು ಕೈಯಾಡಿಸಿ ಬಸ್ಸನ್ನು ಕಳಿಸಿದರು.

“ಇನ್ನೊಂದ್ಸಲ ಹೇಳು,” ಅಂದರು. “ನಿಧಾನಕ್ಕೆ.”